ಚೌಕಟ್ಟಿನ ಮೇಲಿನ ಹೆಸರು

ಬಾಯಿ ಮುಚ್ಚು ಎರ್ಸೀಲಿಯಾ, ಮೇರಿಮಾತೆ ಹಲ್ಲು ಕಡಿಯಲ್ಲ ಕಣೇ — ಕಡಿಯುತ್ತಿದ್ದಳೋ ಏನೋ, ಕುಂಚ ಹಿಡಿದ ಅಣ್ಣನ ಮುಂದೆ ಮೂರು ಗಂಟೆ ಕೂತಿದ್ದರೆ ಅವಳೂ ಕಡಿಯುತ್ತಿದ್ದಳು, ಕತ್ತು ಹಿಡಿದಿದೆ, ಮೇರಿಮಾತೆ ವೇಷದ ನೀಲಿ ಶಾಲಿನಡಿ ಬೆವರು, ಎದುರು ಗೋಡೆಗೆ ಒರಗಿಸಿದ ಚಿನ್ನದ ಚೌಕಟ್ಟು ಬೆಳಿಗ್ಗೆ ತಾನೆ ಬಂದದ್ದು, ಅಂಚಿನ ಸುತ್ತ ಕಪ್ಪಕ್ಷರದಲ್ಲಿ ಬರೆಸಿದ ಪದ್ಯ ಅವಳದು, ಕೆಳಗಿನ ಹೆಸರು ಅಣ್ಣ ಫುಲ್ವಿಯೊನದು, ನಾಳೆ ಪ್ರದರ್ಶನಕ್ಕೆ ಹೋದರೆ ಲಂಡನ್ನಿಗೆ ಲಂಡನ್ನೇ ಅದನ್ನು ಅವನದೆಂದು ಓದುತ್ತದೆ, ಆಮೇಲೆ ಯಾರ ಮುಂದೆ ಬಾಯಿ ಬಡಿದುಕೊಳ್ಳುವುದು. ಅಪ್ಪನಿಗೆ ಹೇಳಿದಳು, ಇಟಲಿಯ ಮೊದೆನಾದ ಡ್ಯೂಕನ ಮೇಲೆ ಪದ ಕಟ್ಟಿ ಗಡೀಪಾರಾದ ಅಪ್ಪ, ಬ್ಯಾಂಕಿನವರ ಹೆಣ್ಣುಮಕ್ಕಳಿಗೆ ಇಟಾಲಿಯನ್ ಕ್ರಿಯಾಪದ ಕಲಿಸುತ್ತ ಮುದುಕನಾದ ಅಪ್ಪ, ಅನ್ಯಾಯ ಎಂದರೆ ಇವತ್ತಿಗೂ ಮೇಜು ಗುದ್ದುವವನು ಮೀಸೆಯೊಳಗೇ ನಕ್ಕ, ಏನವ್ವಾ ನಿಂದು ನಂದು, ಹಲಗೆ ಮೇಲೆ ಸುರಿದ ಪೊಲೆಂಟಾ ಎಲ್ಲಾರ್ದೂ ಅಲ್ವಾ, ಊಟಕ್ಕೆ ಕೂತಾಗ ಹೇಳಿದ ಪದ್ಯಾನೂ ಮನೇದೇ — ಹೌದು, ಭಾನುವಾರ ಮೆಕ್ಕೆಜೋಳದ ಹಿಟ್ಟಿನ ಬಿಸಿ ಗಟ್ಟಿ ಅಂಬಲಿಯನ್ನು ಹಲಗೆಯ ತುಂಬ ಹರಡಿ ತಮ್ಮ ತಮ್ಮ ಅಂಚಿನಿಂದ ನಡುವಿಗೆ ತಿನ್ನುವುದು, ಫುಲ್ವಿಯೊ ಮಾತ್ರ ನಡು ದಾಟಿ ಅವಳ ಅಂಚಿಗೇ ಬಂದುಬಿಡುತ್ತಿದ್ದ, ಹೋಗ್ಲಿ ಬಿಡೇ, ಗಂಡುಹುಡುಗ ಹಸಿದಿರ್ತಾನೆ ಎನ್ನುತ್ತಿದ್ದಳು ಅಮ್ಮ. ಚಿತ್ರ ಕೊಳ್ಳಲು ಬಂದ ಮಿಸೆಸ್ ಪೆಂಡ್ಲ್‌ಬರಿ ಹಿಡಿಕೆಯ ಕನ್ನಡಕ ಎತ್ತಿ ಚೌಕಟ್ಟಿನ ಪದ್ಯ ಓದುತ್ತಾಳೆ, ಆಹಾ, ಕವಿತೆ ನಿಮ್ಮವರ ರಕ್ತದಲ್ಲೇ ಇದೆ ಬಿಡಿ, ತಂಗೀನೂ ಬರೀತಾರಾ? ಇವಳಾ, ಇವಳು ಚೆನ್ನಾಗಿ ಕೂರ್ತಾಳೆ ಮೇಡಂ, ಎನ್ನುತ್ತಾನೆ ಅಣ್ಣ. ಚೆನ್ನಾಗಿ ಕೂರುತ್ತಾಳೆ — ಕಾವಿನ ಕೋಳಿಗೂ ಇದೇ ಹೊಗಳಿಕೆ. ಇಲ್ಲಿ ಉಪ್ಪು ಅಂತ ಬರುತ್ತಲ್ಲ, ಏನದು? ಅದಾ, ಮೇರಿಮಾತೆ ಕಣ್ಣೀರು ಮೇಡಂ. ಕಣ್ಣೀರಂತೆ! ಪೊಲೆಂಟಾಗೆ ಉಪ್ಪು ಹಾಕಿದ್ಯೇನೇ ಎಂದು ಸಾಯುವ ಹಾಸಿಗೆಯಿಂದ ಕೇಳಿ ಅಮ್ಮ ಗೋಡೆಯ ಕಡೆ ಹೊರಳಿದ್ದಳು, ಅದೇ ಕೊನೆಯ ಮಾತು, ಒಲೆಯ ಮುಂದೆ ಇದ್ದವಳು ಎರ್ಸೀಲಿಯಾ, ಉಪ್ಪು ಹಾಕಿರಲಿಲ್ಲ, ಹಾಕಿದೀನಮ್ಮಾ ಎಂದು ಸುಳ್ಳು ಹೇಳಿದವಳು ಎರ್ಸೀಲಿಯಾ, ಈ ಮಹಾಕವಿ ಆ ವಾರವೆಲ್ಲ ಬ್ರೈಟನ್ನಿನಲ್ಲಿ ಸಮುದ್ರದ ಚಿತ್ರ ಬರೆಯುತ್ತಿದ್ದ — ಕಾಲು ಜೋಮು ಹಿಡಿದಿದೆ, ಆದರೂ ಎದ್ದಿದ್ದಾಳೆ, ಏಯ್ ಅಲ್ಲಾಡಬೇಡ, ಬೆಳಕು ಹೋಗುತ್ತೆ, ಹೋಗಲಿ, ಬಣ್ಣ ಕೆರೆಯುವ ಚೂರಿ ಕೈಗೆ ಬಂತು, ಹುಚ್ಚು ಹಿಡೀತೇನೇ ನಿಂಗೆ, ಅಯ್ಯೋ ಹುಡುಗಿ, ಯಾರದ್ದೋ ಕೈ ಶಾಲು ಜಗ್ಗುತ್ತಿದೆ, ಅವನ ಹೆಸರಿನ ಕಪ್ಪು ಎದ್ದು ಬಂತು, ಕಪ್ಪಿನಡಿಯ ಚಿನ್ನ ಎದ್ದು ಬಂತು, ಎಷ್ಟು ತೆಳು ಚಿನ್ನ, ಉಗುರಿನಷ್ಟೂ ದಪ್ಪವಿಲ್ಲ, ಅದರಡಿ ಚಿನ್ನ ಹಿಡಿಯಲೆಂದು ಬಳಿದ ಕೆಂಪು ಜೇಡಿ, ಹೆಸರಿದ್ದಲ್ಲಿ ಹಸಿಗಾಯದಂಥ ಕೆಂಪು, ಇನ್ನೊಂದಕ್ಷರ, ಕೆಂಪು, ಇನ್ನೊಂದು, ಕೆಂಪು —