ಅಳಿಯನ ಅಂಗಿಯ ಗುಂಡಿ

ಗುಂಡಿ ಮೇಲೆ ಬಂತು, ಕೆಳಗೆ ಹೋಯ್ತು, ಅಳಿಯನ ಅಂಗಿಯ ಬಿಳೀ ಗುಂಡಿ, ಹೊಟ್ಟೆ ಮೇಲೆ ಕೂತು ಸವಾರಿ ಮಾಡ್ತಾ ಇದೆ, ಒಂಚೂರಾದ್ರೂ ಸದ್ದಿದೆಯಾ — ಇಲ್ಲ, ಉಂಡು ಸೋಫಾ ಮೇಲೆ ಬಿದ್ದ ಗಂಡಸು ಇಷ್ಟು ತೆಪ್ಪಗೆ ಮಲಗೋದನ್ನ ಮುದುಕಿ ಜನ್ಮದಲ್ಲಿ ಕಂಡಿದ್ದಿಲ್ಲ, ಕೈ ಬಟಾಣಿ ಸುಲೀತಿದೆ, ಕಣ್ಣು ಮಾತ್ರ ಗುಂಡಿ ಮೇಲೆ, ಎಂಟು ವರ್ಷದ ಹಿಂದೆ ಇದೇ ಗಂಟಲು, ಅಬ್ಬಬ್ಬಾ, ಗೊರಕೆ ಶುರುವಾದ್ರೆ ಅಟ್ಟದ ಪಾತ್ರೆಗಳು ತಾವಾಗೇ ಇಳಿದು ಅಡುಗೆಮನೆಗೆ ನಡ್ಕೊಂಡು ಬರೋವು, ಮಗಳು ಕಿವಿಗೆ ಹತ್ತಿ ತುರುಕಿ ತುರುಕಿ ಅಂಗಡೀಲಿ ಹತ್ತಿನೇ ಮುಗಿದುಹೋಗಿತ್ತು — ಆಗ ಗಂಟಲಿನ ಡಾಕ್ಟರಮ್ಮ, ಕಡ್ಡಿಯಷ್ಟು ಹೆಂಗಸು, ಅಂಥಾ ಗುಹೆಯೊಳಗೆ ಕೈಹಾಕಿ, ಕಿರುನಾಲಿಗೆ ಸುತ್ತ ಜೋತುಬಿದ್ದ ಮಾಂಸ ಕತ್ತರಿಸಿ ಬಿಗಿಯಾಗಿ ಹೊಲಿದಳಲ್ಲ, ಏನ್ ಕೈ ಅದು, ಮುದುಕಿಗೆ ಹಾಡುಹಗಲಲ್ಲೇ ಸೂಜಿಗೆ ದಾರ ಹೋಗಲ್ಲ. ಆಮೇಲೆ ಎಷ್ಟೋ ದಿನ ಕುಡಿದ ನೀರು ಅಳಿಯನ ಮೂಗಲ್ಲಿ ಬರ್ತಿತ್ತು, ಏನ್ ಅಳಿಯಂದ್ರೆ, ಕಾರಂಜಿ ಹಾಕಿಸ್ಕೊಂಡ್ರಾ, ನಗಿಸಬೇಡಿ ಅತ್ತೆ, ಹೊಲಿಗೆ ಬಿಚ್ಚುತ್ತೆ. ಇವತ್ತು ಬೆಳಗ್ಗೆ ಡಾಕ್ಟರಮ್ಮ ಮತ್ತೆ ಅಳಿಯನ ಬಾಯಿ ತೆಗೆಸಿ ದೀಪ ಬಿಟ್ಟು ನೋಡಿದಳು, ಗಂಟಲು ಚೆನ್ನಾಗೇ ಇದೆ ಅಜ್ಜಿ, ಆದ್ರೆ ಕೆಲವರಿಗೆ ವರ್ಷಗಳಾದ ಮೇಲೂ ತೊಂದರೆ ತಿರುಗಿ ಬರುತ್ತೆ, ದಪ್ಪ ಆದ್ರಂತೂ ಬೇಗ, ಸದ್ದು ನಿಂತಿದ್ರೂ ನಿದ್ದೇಲಿ ಉಸಿರು ಕಟ್ಟಬಹುದು, ಬರೋ ವಾರ ಉಸಿರು ಅಳೆಯೋ ಮಶೀನು ಕಟ್ಟಿ ಮಲಗಿಸಿ ನೋಡೋಣ — ತನ್ನ ಕೆಲಸದ ಮೇಲೆ ತಾನೇ ಅನುಮಾನ ಪಡೋ ಡಾಕ್ಟರು, ಬಂಗಾರದಂಥವಳು, ಮುದುಕಿಯ ರವಿಕೆ ಕೆಡಿಸಿದ ದರ್ಜಿ ಒಂದು ಸಲನೂ ಹಾಗಂದವನಲ್ಲ. ಸದ್ದಿಲ್ಲದೆ ಉಸಿರು ಕಟ್ಟೋದಂತೆ — ಮುದುಕಿಯ ಗಂಡನದು ಹಾಗಲ್ಲ, ಆ ಪುಣ್ಯಾತ್ಮ ಸದ್ದು ಮಾಡೇ ಉಸಿರು ನಿಲ್ಲಿಸ್ತಿದ್ದ, ಗರ್ರ್ ಅಂತ ಏರಿ ಏರಿ ತಟಕ್ಕನೆ ನಿಲ್ಲೋದು, ಇವಳು ಕಾಲ ಹೆಬ್ಬೆರಳಲ್ಲಿ ತಿವಿಯೋಳು, ಹಳೇ ಮೋಟಾರಿನ ಹಾಗೆ ಕೆಮ್ಮಿ ಮತ್ತೆ ಶುರು, ಏನೇ ನಿನ್ನ ಕಾಟ, ಸಾಯೋಕೂ ಬಿಡಲ್ವಲ್ಲೇ, ಬಿಡಲ್ಲ ರೀ, ಮಲ್ಕೊಳಿ — ಒಂದು ಮಧ್ಯಾಹ್ನ ತಿವಿದಳು, ಇನ್ನೊಂದು ಸಲ ತಿವಿದಳು, ಮೋಟಾರು ಹತ್ತಲಿಲ್ಲ. ಆಗ ಈ ಡಾಕ್ಟರಮ್ಮ ಇದ್ದಿದ್ರೆ, ಎಲ್ಲಿ, ಆಗ ಅವಳಿಗಿನ್ನೂ ಹಾಲುಹಲ್ಲು — ಗುಂಡಿ — ಮೇಲಿತ್ತಲ್ಲ, ಕೆಳಗೆ ಹೋಗಿ ಅಲ್ಲೇ ಇದೆ, ಬಟಾಣಿ ಬೆರಳಲ್ಲೇ ನಿಂತಿತು, ತಿವೀಬೇಕು, ಅಳಿಯನ್ನ ಕಾಲಲ್ಲಿ ತಿವಿಯೋದಾ, ಮಾನ ಹೋಗುತ್ತೆ, ಹೋಗಲಿ, ಮಗಳ ಗಂಡ ಇದ್ರೆ ಸಾಕು, ಚಪ್ಪಲಿ ಬಿಟ್ಟು ಹೆಬ್ಬೆರಳು ಚಾಚಿದಳು, ಅತ್ತೆ, ಏನ್ ಮಾಡ್ತಿದ್ದೀರಿ, ಕಣ್ಣು ಮುಚ್ಕೊಂಡೇ ಅಂದ, ಏನಿಲ್ಲ ಅಳಿಯಂದ್ರೆ, ಬಟಾಣಿ ಉರುಳಿಹೋಯ್ತು, ಹುಡುಕ್ತಿದ್ದೆ, ಮಲ್ಕೊಳಿ — ಮಲಗಿದ, ಸದ್ದೇ ಇಲ್ಲ, ಏನ್ ಕೈ ಅದು, ಚಾಚಿದ ಹೆಬ್ಬೆರಳು ಮಾತ್ರ ಹಿಂದಕ್ಕೆ ಎಳ್ಕೊಳ್ಳಲಿಲ್ಲ, ಮೇಲೆ, ಕೆಳಗೆ, ಮೇಲೆ, ಗುಂಡಿ, ಬಿಳೀ ಗುಂಡಿ —