ಬಿದ್ದ ಫಿಲ್ಟರಿಗೆ ಕೆಂಪು ದಾರ

ನಮ್ಮ ವರ್ಕ್‌ಶಾಪಿನಲ್ಲಿ ಒಂದು ನಿಯಮವಿತ್ತು. ಕೈಜಾರಿ ನೆಲಕ್ಕೆ ಬಿದ್ದ ಫಿಲ್ಟರಿಗೆ ಕೂಡಲೇ ಕೆಂಪು ದಾರ ಕಟ್ಟಿ ಬದಿಗಿಡಬೇಕು. ಹೊರಗೆ ಒಂದು ಗೀರೂ ಕಾಣದಿದ್ದರೂ ಸರಿ. ಬೆರಳುದ್ದದ ಆ ಕೊಳವೆಯೊಳಗೆ ಅಂಗಿಯ ಗುಂಡಿಯಷ್ಟಗಲದ ಏಳು ಉಕ್ಕಿನ ಬಿಲ್ಲೆಗಳಿರುತ್ತವೆ. ಸಣ್ಣ ತಂತಿಗಳು ಅವನ್ನು ಒಂದಕ್ಕೊಂದು ಬೆಸೆದಿರುತ್ತವೆ. ರೇಡಿಯೋ ಸೆಟ್ಟಿಗೆ ಬಂದು ಬೀಳುವ ಹತ್ತಾರು ಸಂಕೇತಗಳಲ್ಲಿ ತಮಗೆ ಒಪ್ಪುವ ಒಂದಕ್ಕೆ ಮಾತ್ರ ಬಿಲ್ಲೆಗಳು ಕಂಪಿಸಿ ಅದನ್ನು ದಾಟಿಸುತ್ತವೆ, ಉಳಿದವನ್ನು ಅಲ್ಲೇ ತಡೆಯುತ್ತವೆ. ಬಿದ್ದ ಏಟಿಗೆ ಒಂದು ಬೆಸುಗೆ ಸಡಿಲವಾದರೆ ಸಾಕು, ಪಕ್ಕದ ಚಾನೆಲ್ಲಿನ ಮಾತು ಒಳಗೆ ನುಸುಳುತ್ತದೆ.

ಬಿಲ್ಲೆಗಳ ಅಂಚನ್ನು ಅರದಿಂದ ಉಜ್ಜಿ, ಪರೀಕ್ಷಾ ಯಂತ್ರದ ಪರದೆಯ ಮೇಲಿನ ಗೆರೆ ನೋಡುತ್ತಾ ಅವನ್ನು ಶ್ರುತಿಗೆ ತರುವುದು ನನ್ನ ಕೆಲಸ. ಅಕ್ಕನ ಗಂಡನೇ ನಮ್ಮ ಮುಖ್ಯಸ್ಥರು. ಭಾವ ಬಾಯಿಬಿಟ್ಟರೆ ವರ್ಕ್‌ಶಾಪಿಗೆಲ್ಲ ನಗು. ದಾರ ಕಟ್ಟಿದವರ ಬೆರಳ ಗೆಣ್ಣಿಗೆ ಮಾತ್ರ ಉಕ್ಕಿನ ಸ್ಕೇಲಿನ ಅಂಚಿನಿಂದ ಒಂದೇಟು ಬೀಳುತ್ತಿತ್ತು. “ನೋವಾಯ್ತಾ ಚಿನ್ನ? ಫಿಲ್ಟರಿಗೂ ಹೀಗೇ ಆಯ್ತು” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಏಟು ತಿಂದವರೂ.

ನಾಲ್ಕು ವರ್ಷದಲ್ಲಿ ಅಕ್ಕ ಎರಡು ಹಲ್ಲು ಕಳೆದುಕೊಂಡಿದ್ದಳು. ಒಮ್ಮೆ ಕೊರಳೆಲುಬು ಮುರಿದಿತ್ತು. ಕೇಳಿದರೆ ಮೆಟ್ಟಿಲು, ಬಚ್ಚಲು ಎನ್ನುತ್ತಿದ್ದಳು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಕೆಲಸಗಾರನನ್ನು ಅಜ್ಜ ಎಂದೇ ಕರೆಯುತ್ತಿದ್ದೆವು. ಭಾವನ ಮೇಲಿನ ಅನುಮಾನವನ್ನು ಅವರ ಹತ್ತಿರ ಹೇಳಿಕೊಂಡೆ.

“ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮ. ಅಷ್ಟು ನಗಿಸೋ ಮನುಷ್ಯ ಹೆಂಡ್ತಿ ಮೇಲೆ ಕೈ ಎತ್ತುತ್ತಾನಾ?”

ಪೊಲೀಸ್ ಸ್ಟೇಷನ್ನಿಗೂ ಹೋಗಿದ್ದೆ. “ನೀವು ಕಣ್ಣಾರೆ ಕಂಡಿದ್ದೀರಾ?” ಎಂದರು ಇನ್‌ಸ್ಪೆಕ್ಟರ್. ನಾನು ಕಂಡಿರಲಿಲ್ಲ. ಅದಾದ ವಾರಕ್ಕೆ ಭಾವ ಮನೆಯ ಫೋನನ್ನು ಗೋಡೆಗೆ ಬಡಿದು ಪುಡಿ ಮಾಡಿದರು. ಅಕ್ಕನನ್ನು ಒಳಗೇ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಬರತೊಡಗಿದರು. ಮನೆ ವರ್ಕ್‌ಶಾಪಿನ ಎದುರು ರಸ್ತೆಯಲ್ಲೇ ಇತ್ತು. ಮುಂದಿನ ಸಲ ಅಕ್ಕ ಉಳಿಯುವುದಿಲ್ಲ ಎಂದು ನನಗೆ ಅನ್ನಿಸುತ್ತಲೇ ಇತ್ತು.

ಆ ದಿನ ಬೆಳಗ್ಗೆ ನನ್ನ ಕೈಯಿಂದ ಒಂದು ಫಿಲ್ಟರ್ ಜಾರಿ ಬಿತ್ತು. ಹಿಂದಿನ ವಾರದ ಏಟಿಗೆ ಊದಿದ ಗೆಣ್ಣು ಇನ್ನೂ ಇಳಿದಿರಲಿಲ್ಲ. ದಾರ ಕಟ್ಟಲು ಧೈರ್ಯವಾಗಲಿಲ್ಲ. ಏನೂ ಆಗಿರದಿದ್ದರೆ ಸಾಕು ಎಂದುಕೊಂಡು ಮೇಜಿನ ಪರೀಕ್ಷಾ ಸೆಟ್ಟಿಗೆ ಅದನ್ನೇ ಕೂರಿಸಿದೆ. ಸ್ಪೀಕರಿನಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿಸಿತು. ಆಮೇಲೆ ಕೆಮ್ಮು. ಆಮೇಲೆ ಅಕ್ಕನ ಧ್ವನಿ.

“ಬಚ್ಚಲಲ್ಲಿ ಪಾತ್ರೆ ತೊಳ್ದೆ ರೀ. ಈಗ ಅಡುಗೆಮನೆಗೆ ಹೋಗ್ತಿದ್ದೀನಿ ರೀ.”

ತಮ್ಮ ಗಾಜಿನ ಕೋಣೆಯಲ್ಲಿ ಭಾವ ಸೊಂಟದ ರೇಡಿಯೋ ಸೆಟ್ಟಿನ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಕಣ್ಣುಮುಚ್ಚಿ ತಲೆಯಾಡಿಸುತ್ತಿದ್ದರು. ದಿನವೂ ಹಾಗೆಯೇ, ಹಾಡು ಕೇಳುತ್ತಾರೆ ಎಂದುಕೊಂಡಿದ್ದೆವು. ಮನೆಯಲ್ಲೂ ಒಂದು ಸೆಟ್ ಇಟ್ಟು, ಅದರ ಮಾತಾಡುವ ಗುಂಡಿ ಒತ್ತಿದಂತೆಯೇ ಇರಲೆಂದು ರಬ್ಬರ್ ಬ್ಯಾಂಡ್ ಬಿಗಿದು, ನಮ್ಮ ಚಾನೆಲ್ಲಿನ ಪಕ್ಕದ ಚಾನೆಲ್ಲಿನಲ್ಲಿ ಅವರು ಅಕ್ಕನ ಉಸಿರನ್ನೂ ಕೇಳುತ್ತಿದ್ದರು. ಆ ಚಾನೆಲ್ಲಿಗೆ ತಮ್ಮ ಕಿವಿಯೊಂದೇ ಎಂದು ನಂಬಿದ್ದರು. ನಾನು ಸ್ಪೀಕರಿನ ಸದ್ದು ಇಳಿಸಿದೆ.

ಮಧ್ಯಾಹ್ನ ಸೊಂಟದ ಸೆಟ್ ಆರಿಸಿ ಅವರು ಊಟಕ್ಕೆ ಹೊರಟರು. ತಾವೇ ಮನೆಯೊಳಗಿದ್ದ ಮೇಲೆ ಕೇಳುವವರು ಯಾರು? ರಬ್ಬರ್ ಬ್ಯಾಂಡ್ ಬಿಚ್ಚುವ ಯೋಚನೆ ಅವರಿಗೆ ಬಂದಿರಲಾರದು.

ವರ್ಕ್‌ಶಾಪಿನಲ್ಲಿ ಇಪ್ಪತ್ತು ಜನ ಊಟದ ಡಬ್ಬಿ ಬಿಚ್ಚಿ ಕೂತಿದ್ದರು. ನಾನು ಸದ್ದನ್ನು ಪೂರ್ತಿ ಏರಿಸಿದೆ.

“ಹತ್ತು ಗಂಟೆಗೆ ಯಾರ ಹತ್ರ ಮಾತಾಡ್ದೆ?”

“ಮೀಟರ್ ನೋಡೋನು ರೀ. ಕಿಟಕಿ ಹತ್ರ ಬಂದಿದ್ದ. ಬಾಗಿಲು ಬೀಗ ಹಾಕಿದೆ ಅಂದೆ, ಅಷ್ಟೇ.”

“ಬೀಗ ಹಾಕಿದೆ ಅಂತ ಊರಿಗೆಲ್ಲ ಸಾರು.”

ಏನೋ ಗೋಡೆಗೆ ಅಪ್ಪಳಿಸಿತು. ಅಕ್ಕ ಕಿರುಚಲಿಲ್ಲ, ಮುಲುಗಿದಳು.

“ಯಾವ ನಾಟಕ ಹಾಕಿದ್ದೀಯೇ? ಊಟದ ಹೊತ್ತಲ್ಲಿ! ಆರಿಸು” ಎಂದಳು ಪಕ್ಕದ ಮೇಜಿನವಳು.

“ಅದು ನಮ್ಮಕ್ಕ” ಎಂದೆ.

ಯಾರೂ ನಂಬಲಿಲ್ಲ. ಸಡಿಲ ಬೆಸುಗೆಯಿಂದ ಧ್ವನಿ ಗೊಗ್ಗರಾಗಿತ್ತು, ಯಾರದ್ದಾದರೂ ಆಗಬಹುದಿತ್ತು. ಆಗ ಉಕ್ಕು ಮೂಳೆಗೆ ತಾಗಿದ ಸದ್ದು ಬಂತು. ಅದರ ಹಿಂದೆಯೇ ನಗು.

“ನೋವಾಯ್ತಾ ಚಿನ್ನ?”

ಕೈಗಳು ಡಬ್ಬಿಯಲ್ಲೇ ನಿಂತವು. ಪಕ್ಕದವಳು ತನ್ನ ಬೆರಳ ಗೆಣ್ಣನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಅಜ್ಜ ಎದ್ದು, ಪೆಟ್ಟಿಗೆ ಒಡೆಯುವ ಹಾರೆ ಎತ್ತಿಕೊಂಡು ಹೊರಗೆ ಓಡಿದರು. ನಾವೂ ಓಡಿದೆವು.

ಮೂರನೇ ಏಟಿಗೆ ಬಾಗಿಲಿನ ಚಿಲಕ ಕಿತ್ತುಬಂತು. ಅಕ್ಕ ನೆಲದ ಮೇಲೆ ಬಿದ್ದಿದ್ದಳು. ಬಾಯಿಂದ ರಕ್ತ ಇಳಿಯುತ್ತಿತ್ತು. ಎಡಗೈಯ ಮೂರು ಬೆರಳು ಬಾಗಬಾರದ ಕಡೆಗೆ ಬಾಗಿದ್ದವು. ಭಾವ ಸ್ಕೇಲನ್ನು ಬೆನ್ನ ಹಿಂದೆ ಇಟ್ಟುಕೊಂಡು ನಕ್ಕರು.

“ಏನ್ರೋ, ಎಲ್ಲಾ ಇಲ್ಲೇ ಊಟಕ್ಕೆ ಬಂದ್ರಾ?”

ಯಾರೂ ನಗಲಿಲ್ಲ. ಅದು ಅರ್ಥವಾಗುತ್ತಲೇ ಅವರು ಸ್ಕೇಲಿನಿಂದ ಅಜ್ಜನ ತುಟಿ ಸೀಳಿದರು. ಅಜ್ಜ ಹಾರೆಯನ್ನು ಭಾವನ ಮಂಡಿಗೆ ಬೀಸಿದರು. ಮಂಡಿ ಒಡೆದದ್ದು ಹಸಿ ಕಟ್ಟಿಗೆ ಮುರಿದಂತೆ ಕೇಳಿಸಿತು. ಬಿದ್ದವರ ಮೇಲೆ ಎಲ್ಲರೂ ಬಿದ್ದರು, ಗುದ್ದಿದರು, ಒದ್ದರು. ನಾನು ಸ್ಕೇಲು ಹೆಕ್ಕಿಕೊಂಡು ಅವರ ಬಲಗೈಯನ್ನು ಕಾಲಲ್ಲಿ ತುಳಿದು, ಗೆಣ್ಣುಗಳಿಗೆ ಅಂಚಿನಿಂದಲೇ ಹೊಡೆದೆ. ಎಷ್ಟು ಸಲ ಎಂದು ಗೊತ್ತಿಲ್ಲ. ಮೂಳೆಯ ಬಿಳಿ ಕಂಡ ಮೇಲೂ ಹೊಡೆದೆ. ಪಕ್ಕದ ಮೇಜಿನವಳು ಸೊಂಟ ಹಿಡಿದು ನನ್ನನ್ನು ಎಳೆದಳು.

“ಸಾಕು ಕಣೇ, ಸಾಕು. ಅಕ್ಕನ್ನ ನೋಡು.”

ಅಕ್ಕನನ್ನು ಎತ್ತಿದೆವು. ಬಾಗಿಲು ದಾಟುವಾಗ ಅವಳು ಕತ್ತು ಹೊರಳಿಸಿ ಕಪಾಟಿನ ಮೇಲಿನ ಸೆಟ್ಟಿನ ಕಡೆ ನೋಡಿದಳು. “ಹೊರಗೆ ಹೋಗ್ತಿದ್ದೀನಿ ರೀ” ಎಂದಳು. ಕೇಳಬೇಕಾದವರು ಅವಳ ಕಾಲ ಬಳಿಯೇ ಬಿದ್ದಿದ್ದರು. ನಾನು ಹಿಂದಿರುಗಿ ರಬ್ಬರ್ ಬ್ಯಾಂಡನ್ನು ಹಲ್ಲಿನಿಂದ ಕಡಿದೆ.

ಆಸ್ಪತ್ರೆಯ ಬಾಗಿಲಲ್ಲಿ ಅದೇ ಇನ್‌ಸ್ಪೆಕ್ಟರ್ ಸಿಕ್ಕರು. ಅಕ್ಕ ಬದುಕುತ್ತಾಳೆ ಎಂದು ಡಾಕ್ಟರ್ ಆಗಷ್ಟೇ ಹೇಳಿಹೋಗಿದ್ದರು. ನಾನು ಮೊದಲು ನನ್ನ ತಪ್ಪು ಹೇಳಿದೆ: ಫಿಲ್ಟರ್ ಬಿತ್ತು, ದಾರ ಕಟ್ಟಲಿಲ್ಲ. ಅವರಿಗೆ ಅದು ಅರ್ಥವಾಗಲಿಲ್ಲ. ಆಮೇಲೆ ಭಾವನ ಕೈಗೆ ಹೊಡೆದದ್ದು ನಾನೇ ಎಂದೆ. ಅದನ್ನು ಬರೆದುಕೊಂಡರು.

“ಸರಿ, ಅವರು ಹೆಂಡತಿಗೆ ಹೊಡೆದದ್ದನ್ನ ಕಣ್ಣಾರೆ ಕಂಡವರು ಯಾರು?”

ಅಜ್ಜ ತುಟಿಯ ಮೇಲಿನ ಬಟ್ಟೆ ತೆಗೆದರು. ರಕ್ತ ಮತ್ತೆ ಗಲ್ಲಕ್ಕೆ ಇಳಿಯಿತು.

“ಕಿವಿಯಾರೆ ಕೇಳಿದ್ದೀವಿ ಸ್ವಾಮಿ, ಇಪ್ಪತ್ತು ಜನ. ಬರ್ಕೊಳ್ಳಿ. ಮೊದಲು ನನ್ನ ಹೆಸರು.”