ತುಳಜಾರಾಮ ಕೊಟ್ಟ ಮಾತು

ಆ ಮಾತು ಕೊಡುವಾಗ ತನ್ನ ಗಂಟೇನೂ ಹೋಗುವುದಿಲ್ಲವೆಂದೇ ತುಳಜಾರಾಮ ತಿಳಿದಿದ್ದ. ಬಸವಕಲ್ಯಾಣದ ಹತ್ತಿರ ಬಂಗ್ಲಾ ಎಂಬ ಊರಿನ ಹೈವೇ ಬದಿಯಲ್ಲಿ ಲಾರಿ ಸೀಟುಗಳಿಗೆ ಕುಶನ್ ಹೊಲಿಯುವ ತನ್ನ ಅಂಗಡಿಯಲ್ಲಿ, ಗೆಳೆಯ ಮೊಹಿನುದ್ದೀನನ ಎದುರಿಗೇ, ಎದೆಯುಬ್ಬಿಸಿಕೊಂಡು ಮಗಳು ಶೀತಲಳಿಗೆ ಹೇಳಿಬಿಟ್ಟಿದ್ದ.

"ಹುಮನಾಬಾದದಾಗ ಆ ಸೆಕ್ಷನ್ ಚಾಲೂ ಆದ್ರ ಕಳಸ್ತೀನಿ. ಮಾತಂದ್ರ ಮಾತು."

ಚಾಲೂ ಆಗುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಸವಕಲ್ಯಾಣದ ಮನೆಯಿಂದ ಹೋಗಿಬರುವ ದೂರದಲ್ಲಿ ಬಿ.ಎಸ್ಸಿ.ಗೆ ಫಿಜಿಕ್ಸ್ ಉಳಿದಿದ್ದದ್ದು ಹುಮನಾಬಾದಿನ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ಮಾತ್ರ. ಹದಿನೈದು ಮಂದಿ ಸೇರದಿದ್ದರೆ ಸೆಕ್ಷನ್ ಇಲ್ಲವೆಂದು ಆಡಳಿತದವರ ಕಟ್ಟಪ್ಪಣೆ. ಹೋದ ವರ್ಷ ಬೆರಳೆಣಿಕೆಯ ಹುಡುಗರು ಬಂದಿದ್ದರಿಂದ ಬಾಗಿಲು ಹಾಕಿದ್ದರು. ಇದನ್ನೆಲ್ಲ ಫೋನು ಮಾಡಿ ವಿಚಾರಿಸಿಕೊಂಡ ಮೇಲೆಯೇ ತುಳಜಾರಾಮ ಧಾರಾಳಿಯಾದದ್ದು. ಮಗಳ ಮನಸ್ಸೂ ಮುರಿಯಬಾರದು, ಅವಳು ಡಿ.ಫಾರ್ಮ ಓದಿ ಮೆಡಿಕಲ್ ಅಂಗಡಿಯ ನೆರಳಿನಲ್ಲಿ ಕೂಡುವುದೂ ತಪ್ಪಬಾರದು. ಎಂಥ ಉಪಾಯ ಹೂಡಿದೆ ಎಂದು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡ.

ಪಿಯುಸಿ ಮುಗಿಸಿದ ಶೀತಲಳಿಗೆ ಬೇಕಾಗಿದ್ದದ್ದು ಬರೀ ಫಿಜಿಕ್ಸ್ ಅಲ್ಲ, ಅದರಲ್ಲೂ ಥಿಯರಿ.

"ಪ್ರಯೋಗಾನೂ ಇಲ್ಲ, ಮಷೀನೂ ಇಲ್ಲ. ಮತ್ತ ಏನ್ ಮಾಡ್ತಿ?" ಎಂದು ಅಪ್ಪ ಕೇಳಿದ್ದ.

"ವಿಚಾರ ಮಾಡ್ತೀನಿ ಅಪ್ಪಾ. ಹಾಳಿ, ಪೆನ್ನು ಇದ್ರ ಸಾಕು."

"ವಿಚಾರ ಮಾಡೋರಿಗಿ ಪಗಾರ ಯಾರು ಕೊಡ್ತಾರ?"

ಅವಳು ಅವನನ್ನು ಆಗಷ್ಟೇ ಹೊಲಿದ ಸೀಟಿನ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿದಳು. "ಲಾರಿ ಸೀದಾ, ಒಂದೇ ಸ್ಪೀಡಿನಾಗ, ಜರಾನೂ ಧಕ್ಕಾ ಇಲ್ದಂಗ ಹೊಂಟದ ಅಂತ ತಿಳಿ. ಹೊರಗ ನೋಡಬ್ಯಾಡ. ಒಳಗ ಕೂತು ಏನ್ ಮಾಡಿದ್ರೂ ಅದು ನಿಂತದೋ ಹೊಂಟದೋ ಹೇಳಾಕ ಬರಂಗಿಲ್ಲ. ಯಾಕ ಹೇಳು?"

"ಯಾಕಂದ್ರ ಕುಶನ್ ನಾ ಹೊಲಿದೀನಿ."

ಶೀತಲ ನಕ್ಕಳು. ನಕ್ಕು, "ಇಷ್ಟು ಸಣ್ಣ ಮಾತು ಹಿಡಕೊಂಡು ಹೊಂಟ್ರ, ಟೈಮ್ ಸೈತ ಎಲ್ಲಾರಿಗೂ ಒಂದೇ ಅಲ್ಲ ಅನ್ನೋತನಕ ಹೋಗಿ ಮುಟ್ತದ ಅಪ್ಪಾ," ಎಂದಳು. ತುಳಜಾರಾಮ ಕಣ್ಣು ತೆರೆದು ನೋಡಿದ. ಮಾತು ತಲೆಗೆ ಹತ್ತಲಿಲ್ಲ, ಆದರೆ ಆ ಮುಖ ನೋಡಿ ಹೆದರಿಕೆಯಾಯಿತು. ಆ ಮುಖದಲ್ಲಿ ತಾನಿರಲಿಲ್ಲ, ಅವಳವ್ವ ಸುಂದರಬಾಯಿ ಇರಲಿಲ್ಲ, ಬಸವಕಲ್ಯಾಣದ ಓಣಿಯೂ ಇರಲಿಲ್ಲ.

ಅಪ್ಪನ ಮಾತನ್ನು ಅವಳು ಅಕ್ಷರಶಃ ನಂಬಿದಳು. ಹದಿನೈದು ಮಂದಿ ಇಲ್ಲವೆಂದರೆ ಹುಡುಕಿ ತಂದರಾಯಿತು ಎಂದು ಹೊರಟೇಬಿಟ್ಟಳು. ಹುಡುಗಿಯೊಬ್ಬಳನ್ನೇ ಊರೂರು ಅಲೆಯಲು ಬಿಡಲಾದೀತೆ? ತನ್ನ ಉಪಾಯವನ್ನು ಕೆಡಿಸಲು ಹೊರಟವಳನ್ನು ತುಳಜಾರಾಮ ತಾನೇ ಬೈಕಿನ ಹಿಂದೆ ಕೂರಿಸಿಕೊಂಡು ತಿರುಗಬೇಕಾಯಿತು. ಚಿಟಗುಪ್ಪಕ್ಕೆ ಹೋದರು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ ಹಳ್ಳಿಖೇಡಕ್ಕೂ ಹೋದರು.

"ಇದನ್ನ ಓದಿದ್ರ ನನ್ ಮಗಳಿಗಿ ನೌಕರಿ ಹತ್ತತದೇನವ್ವಾ?" ಎಂದು ಹಳ್ಳಿಖೇಡದ ಗಯಾಬಾಯಿ ಕೇಳಿದಳು.

"ಬಿ.ಎಡ್. ಮಾಡಿದ್ರ ಸಾಲ್ಯಾಗ ಟೀಚರ್ ಆಗಬಹುದ್ರಿ ಬಾಯಿ. ಬಸ್ಸಿನಾಗ ನಾ ಜೋಡಿ ಇರ್ತೀನ್ರಿ."

ಎಲ್ಲ ಮನೆಗಳಲ್ಲೂ ಶೀತಲ ಹೀಗೆ ನೌಕರಿಯ ಮಾತನ್ನೇ ಆಡಿದಳು. ಟೈಮಿನ ಮಾತು ಒಮ್ಮೆಯೂ ಎತ್ತಲಿಲ್ಲ. ಅವಳಿಗೆ ಬೇಕಿದ್ದದ್ದು ಬೆಂಚು ತುಂಬುವ ಮಂದಿ ಅಷ್ಟೆ. ಮಗಳ ಬಾಯಿಯ ಜೋರು ನೋಡಿ ಹೆಮ್ಮೆಪಟ್ಟ ತುಳಜಾರಾಮ ಒಂದು ಮನೆಯಲ್ಲಿ ಮೈಮರೆತು ತಾನೂ ಅವಳ ಪರವಾಗಿ ವಕಾಲತ್ತು ವಹಿಸಿಬಿಟ್ಟ. ದಾರಿಯಲ್ಲಿ ಎಚ್ಚರವಾಗಿ ನಾಲಗೆ ಕಚ್ಚಿಕೊಂಡ. ಅಷ್ಟರಲ್ಲಿ ಶೀತಲಳೂ ಸೇರಿ ಹದಿನಾಲ್ಕು ಮಂದಿ ಆಗಿದ್ದರು.

ಅಂದೇ ಅವನು ಹುಮನಾಬಾದಿನ ಕಾಲೇಜಿಗೆ ಒಬ್ಬನೇ ಹೋದ. ಫಿಜಿಕ್ಸ್ ಕಲಿಸುವ ಅತಿಥಿ ಉಪನ್ಯಾಸಕ ಅನೀಲಕುಮಾರ ಆಫೀಸಿನ ಬಾಗಿಲ ಹೊರಗೆ ಫೈಲು ಹಿಡಿದು ನಿಂತಿದ್ದ. ನಲವತ್ತು ದಾಟಿದ ಮನುಷ್ಯ, ಕಿವಿಯ ಮೇಲೆಲ್ಲ ನರೆ. ಬೇರೆ ಮಾಸ್ತರರಿಗೆ ಎದ್ದು ಸಲಾಮು ಹೊಡೆಯುತ್ತಿದ್ದ ಸಿಪಾಯಿ ಇವನಿಗೆ ಕೂತಲ್ಲಿಂದಲೇ, "ನಾಳಿಗಿ ಬರ್ರಿ," ಎಂದ.

"ಸರ್, ಖರೇ ಹೇಳ್ರಿ. ಈ ಥಿಯರಿ ಓದಿದೋರು ಕಡೀಕ ಏನಾಗ್ತಾರ್ರಿ?" ತುಳಜಾರಾಮ ಕೇಳಿದ.

"ನಿಮ್ಮ ಹುಡುಗಿ ಎರಡು ಸಲ ಬಂದು ನನ್ನ ಜೋಡಿ ಮಾತಾಡ್ಯಾಳ್ರಿ. ಅಂಥ ತಲಿ ನಾ ನೋಡಿಲ್ಲ."

"ಅದಲ್ರಿ. ಏನಾಗ್ತಾರ?"

"ಎಮ್ಮೆಸ್ಸಿ, ಆಮ್ಯಾಲ ಪಿಎಚ್.ಡಿ. ನಶೀಬ ಚಲೋ ಇದ್ರ ಎಲ್ಲರೆ ದೊಡ್ಡ ಸಂಸ್ಥಾದಾಗ ಜಾಗ ಸಿಗ್ತದ."

"ಇಲ್ಲಂದ್ರ?"

ಅನೀಲಕುಮಾರ ಸಿಪಾಯಿಯ ಕಡೆ ಒಮ್ಮೆ ನೋಡಿದ. "ನಾನೂ ಥಿಯರಿ ಓದಾಕ ಹೊಂಟಾವನೇ ಇದ್ದೆರಿ," ಎಂದ. "ಈ ಸೆಕ್ಷನ್ ಚಾಲೂ ಆದ್ರ ಈ ವರ್ಷ ನನಗೂ ಕ್ಲಾಸು ಸಿಗ್ತಾವ. ಇಲ್ಲಂದ್ರ ಇಲ್ಲ."

ಆ ಮನುಷ್ಯ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದೇ ತುಳಜಾರಾಮನ ಕರುಳಿಗೆ ಚುಚ್ಚಿತು. ಊರಿಗೆ ಮರಳುವ ದಾರಿಯುದ್ದಕ್ಕೂ ಅವನಿಗೆ ಆ ಬಾಗಿಲಲ್ಲಿ ಫೈಲು ಹಿಡಿದು ನಿಂತ ಶೀತಲಳೇ ಕಂಡಳು, ಅವಳ ಕಿವಿಯ ಮೇಲೂ ನರೆ.

ಹದಿನೈದನೆಯವಳು ಮೊಹಿನುದ್ದೀನನ ಮಗಳು ಮೆಹರೀನ್. ರಾಜೇಶ್ವರದಲ್ಲಿ ಟೈರ್ ಅಂಗಡಿ ಇಟ್ಟ ಮೊಹಿನುದ್ದೀನ ಶೀತಲಳಿಗೆ ಒಪ್ಪಿಗೆ ಕೊಟ್ಟಾಗಿತ್ತು. "ತುಳಜಾರಾಮ ಭಾಯಿ ಕಳಸ್ತಾನಂದ್ರ ನಾನೂ ಕಳಸ್ತೀನಿ ಬೇಟಿ. ಅವನ ಮ್ಯಾಲ ನಂಗ ಭರೋಸಾ ಅದ," ಎಂದಿದ್ದ. ಪ್ರವೇಶದ ಕೊನೆಯ ದಿನ ಅವನು ಮೆಹರೀನಳನ್ನು ಕರೆದುಕೊಂಡು ಹುಮನಾಬಾದಿಗೆ ಬರುವುದೆಂದು ಮಾತಾಗಿತ್ತು.

ಹಿಂದಿನ ದಿನ ಬೆಳಿಗ್ಗೆ ತುಳಜಾರಾಮ ತನ್ನ ಅಂಗಡಿ ತೆರೆಯದೆ ಸೀದಾ ರಾಜೇಶ್ವರಕ್ಕೆ ಹೋದ. ಮೊಹಿನುದ್ದೀನ ಚಹಾ ತರಿಸಿದ. ತುಳಜಾರಾಮ ಅರ್ಧ ಕುಡಿದು ಮಾತು ತೆಗೆದ.

"ಭಾಯಿ, ನಾ ಮಾತು ಕೊಟ್ಟೀನಂತ ಕಳಸಾಕತ್ತೇನಿ. ಕೊಟ್ಟಿರಲಿಲ್ಲಂದ್ರ ಕಳಸ್ತಿರಲಿಲ್ಲ. ನೀ ನೋಡು, ನೀ ನನ್ನಂಗ ಮಾತಂದ್ರ ಮಾತು ಅಂದಾವನಲ್ಲ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮೊಹಿನುದ್ದೀನ ಗೆಳೆಯನ ಮುಖ ನೋಡಿ ಚಹಾದ ಬಸಿಯನ್ನು ಕೆಳಗಿಟ್ಟ.

"ಶೀತಲಗ ಗೊತ್ತದೇನು?"

"ಇಲ್ಲ."

"ಗೊತ್ತಾಗಂಗಿಲ್ಲ, ಹೋಗು."

ಕೊನೆಯ ದಿನ ಶೀತಲ ಕಾಲೇಜಿನ ಗೇಟಿನಲ್ಲಿ ನಿಂತು ರಾಜೇಶ್ವರದ ಕಡೆಯಿಂದ ಬರುವ ಒಂದೊಂದು ಬಸ್ಸನ್ನೂ ನೋಡಿದಳು. ಫೋನು ಎಷ್ಟೋ ಸಲ ಹೊಡೆದುಕೊಂಡ ಮೇಲೆ ಮೆಹರೀನ್ ಎತ್ತಿದಳು. ಆ ಕಡೆ ಹುಡುಗಿ ಅಳುತ್ತಿದ್ದಳು. "ಅಬ್ಬಾ ಬ್ಯಾಡ ಅಂದ್ರು ಶೀತಲ. ಯಾಕಂತ ಹೇಳವಲ್ರು." ಶೀತಲ ದಾರಿಹೋಕ ಹುಡುಗರನ್ನೂ ನಿಲ್ಲಿಸಿ ಸೇರುತ್ತೀರಾ ಎಂದು ಕೇಳಿದಳು. ಕೆಲವರು ನಕ್ಕರು. ಗೇಟಿನ ಬೇವಿನ ನೆರಳಿನಲ್ಲಿ ಗಾಡಿಗೆ ಒರಗಿ ನಿಂತ ತುಳಜಾರಾಮ ಇದನ್ನೆಲ್ಲ ನೋಡುತ್ತ ನಿಂತೇ ಇದ್ದ. ಒಂದು ಫೋನು ಮಾಡಿದ್ದರೆ ಮೊಹಿನುದ್ದೀನ ಅರ್ಧ ತಾಸಿನಲ್ಲಿ ಬರುತ್ತಿದ್ದ. ಅವನು ಕೈ ಜೇಬಿಗೆ ಹಾಕಿದ, ಫೋನು ತೆಗೆದ, ಮತ್ತೆ ಒಳಗಿಟ್ಟ.

ಸಂಜೆ ಆಫೀಸು ಮುಚ್ಚಿತು. ಹದಿನಾಲ್ಕು ಮಂದಿ ತಮ್ಮ ತಮ್ಮ ಕಾಗದಪತ್ರ ಹಿಂದಕ್ಕೆ ತೆಗೆದುಕೊಂಡರು. ಅನೀಲಕುಮಾರ ಹೆಗಲಿಗೆ ಚೀಲ ಹಾಕಿಕೊಂಡು ತುಳಜಾರಾಮನ ಹತ್ತಿರ ಬಂದ. "ಬರೋ ವರ್ಷದಿಂದ ಈ ಸೆಕ್ಷನ್ನೇ ಕಾಯಂ ಬಂದ್ ಮಾಡ್ತಾರಂತ್ರಿ," ಎಂದು ದನಿ ತಗ್ಗಿಸಿದ. "ಹುಡುಗಿಗಿ ಇವತ್ತ ಹೇಳಬ್ಯಾಡ್ರಿ." ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ.

ರಾಜೇಶ್ವರ ದಾಟುವಾಗ ಶೀತಲ ಹಿಂದಿನಿಂದ, "ಗಾಡಿ ನಿಲ್ಸು ಅಪ್ಪಾ," ಎಂದಳು. ಮೊಹಿನುದ್ದೀನನ ಅಂಗಡಿ ಅಲ್ಲೇ ಹತ್ತಿರ. ಈಗ ಹೋಗಿ ಕೇಳುತ್ತಾಳೆ, ಎಲ್ಲ ಬಯಲಾಗುತ್ತದೆ ಎಂದುಕೊಂಡೇ ತುಳಜಾರಾಮ ಗಾಡಿ ನಿಲ್ಲಿಸಿದ. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಇಳಿದು ಅವನೆದುರು ನಿಂತು ಓಢಣಿಯಿಂದ ಮುಖ ಒರೆಸಿಕೊಂಡಳು.

"ಕಾಲೇಜಿನವ್ರು ಬಾಗಿಲು ಹಾಕಿದ್ರು. ಚಾಚಾನೂ ಹಿಂದ ಸರದ. ನೀ ಒಬ್ಬಾವ ಮಾತಿಗಿ ನಿಂತಿ ಅಪ್ಪಾ."

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಇದನ್ನು ಮಾತ್ರ ಅವನಿಂದ ತಡೆಯಲಾಗಲಿಲ್ಲ, ಅವಳ ಮುಖ ನೋಡಲಾಗದೆ ಗಾಡಿಯ ಮೀಟರನ್ನು ನೋಡಿದ.

"ಈ ವರ್ಷ ನೀ ಹೇಳ್ದಂಗ ಡಿ.ಫಾರ್ಮ ಸೇರ್ತೀನಿ. ಬರೋ ವರ್ಷ ಮತ್ತ ಮಂದಿ ಕೂಡಸ್ತೀನಿ. ಆಗ ಸೆಕ್ಷನ್ ಚಾಲೂ ಆದ್ರ ಕಳಸ್ತೀಯಲ್ಲ?"

"ಕಳಸ್ತೀನಿ."

"ಮಾತಂದ್ರ ಮಾತು?"

"ಮಾತಂದ್ರ ಮಾತು," ಎಂದ ತುಳಜಾರಾಮ.

ಶೀತಲ ಹಿಂದೆ ಕೂತು ಅವನ ಬೆನ್ನಿಗೆ ಕೆನ್ನೆ ಹಚ್ಚಿದಳು. "ನಾ ಕಣ್ಣು ಮುಚ್ಕೋತೀನಿ. ಒಂದೇ ಸ್ಪೀಡಿನಾಗ ಹೊಡಿ ಅಪ್ಪಾ, ಧಕ್ಕಾ ಇಲ್ದಂಗ." ಅವನು ಹಾಗೇ ಹೊಡೆಯಲು ನೋಡಿದ. ಆದರೆ ಗಾಡಿ ಜಗ್ಗಿ ಜಗ್ಗಿ ಓಡಿತು.

"ರಸ್ತಾ ಖರಾಬ್ ಅದ ಬೇಟಾ," ಎಂದ.

ಆ ಹೈವೇಗೆ ಹೋದ ತಿಂಗಳಷ್ಟೇ ಹೊಸ ಡಾಂಬರು ಬಿದ್ದಿತ್ತು. ಶೀತಲ ಕಣ್ಣು ತೆರೆಯಲಿಲ್ಲ, ಹೂಂ ಎಂದಳು.